ಬಾಲಕನಿಗೊಪ್ಪುವ ಬ್ಯಾಟು

“ಬೆಳೆಯುವ ಹುಡುಗ, ಸ್ವಲ್ಪ ದೊಡ್ಡದೇ ಇರಲಿ” ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಅಂಗಿ, ಷರಾಯಿ, ಪಾದರಕ್ಷೆಗಳನ್ನು ಕೊಳ್ಳುವಾಗ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಅಂಗಿಯ ತೋಳನ್ನು ಮಡಿಸಬಹುದು. ಷರಾಯಿಯ ಅಂಚನ್ನು ಮಡಿಸಿ ಹೊಲಿಸಿ, ವರ್ಷಕ್ಕೊಮ್ಮೆ ಬಿಚ್ಚಬಹುದು. ಈ ಮಿತವ್ಯಯನೀತಿಯನ್ನು ಕ್ರಿಕೆಟ್ ಬ್ಯಾಟಿಗೂ ಅನ್ವಯಿಸಿ ನಾನು ಮಾಡಿದ ತಪ್ಪನ್ನು ವಾಚಕರಲ್ಲಿ ನಿವೇದಿಸುತ್ತೇನೆ. ಮಕ್ಕಳಿಗೆ ಬ್ಯಾಟು ಕೊಡಿಸಲಿರುವ ಗೃಹಸ್ಥರಿಗೆ ಇದರಿಂದ ಪ್ರಯೋಜನವಾದೀತು.

ನನ್ನ ಮೊಮ್ಮಗನಿಗೆ ಹನ್ನೊಂದು ವರ್ಷ. ಎತ್ತರ 4 ಅಡಿ 9 ಇಂಚು. ಶಾಲೆಯ ತಂಡಕ್ಕೆ ಸೇರಿದನೆಂಬ ಸಂತೋಷದಲ್ಲಿ, ಅವನನ್ನು ಅಂಗಡಿಗೆ ಕರೆದುಕೊಂಡೂ ಹೋಗದೆ, ದೊಡ್ಡವರು ಆಡುವ ಪೂರ್ಣಪ್ರಮಾಣದ ಬ್ಯಾಟೊಂದನ್ನು ತಂದುಕೊಟ್ಟೆನು. ಕಾಲೇಜು ಸೇರುವವರೆಗೂ ಬಾಳಲೆಂಬುದು ನನ್ನ ಲೆಕ್ಕ. ಹುಡುಗನು ಆ ರಾತ್ರಿ ಅದನ್ನು ಮಗ್ಗುಲಲ್ಲಿಟ್ಟುಕೊಂಡೇ ಮಲಗಿದನು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಮೊದಲಿಗನಾಗಿ ಆಡಲು ಇಳಿಯುತ್ತಿದ್ದವನು ಒಂಬತ್ತನೆಯವನಾದನು. ಬಳಿಕ ಭಾನುವಾರ ಬೆಳಗಾಯಿತೆಂದರೆ ಹೊಟ್ಟೆನೋವೆನ್ನತೊಡಗಿದನು. ಬ್ಯಾಟಿನ ಮೇಲೆ ಮಾತ್ರ ಒಂದು ದೂರನ್ನೂ ಹೇಳಲಿಲ್ಲ. ತಾತನು ಕೊಟ್ಟದ್ದಲ್ಲವೇ!

ಒಂದು ಸಂಜೆ ಅಂಗಳದಲ್ಲಿ ಅವನೊಬ್ಬನೇ ಬ್ಯಾಟು ಬೀಸುತ್ತಿದ್ದುದನ್ನು ಕಂಡಾಗ ಕಾರಣವು ಹೊಳೆಯಿತು. ಬಲಗೈ ಆಟಗಾರನ ಬ್ಯಾಟನ್ನು ನೇರವಾಗಿ ನಡೆಯಿಸತಕ್ಕದ್ದು ಹಿಡಿಯ ಮೇಲ್ಭಾಗದಲ್ಲಿರುವ ಎಡಗೈ. ಬ್ಯಾಟು ಭಾರವಾದರೆ ಎಡಗೈ ಸೋತು, ಕೆಳಗಿನ ಬಲಗೈ ಯಜಮಾನಿಕೆಯನ್ನು ವಹಿಸಿಕೊಳ್ಳುತ್ತದೆ. ಆಗ ಬ್ಯಾಟು ನೇರವಾಗಿ ಇಳಿಯದೆ ಅಡ್ಡಕ್ಕೆ ತಿರುಗುತ್ತದೆ. ಉದ್ದವು ಹೆಚ್ಚಾದರೆ ಹಿಡಿಯ ತುದಿಯು ಹೊಟ್ಟೆಗೆ ತಗಲುವುದರಿಂದ ಹುಡುಗನು ಕೈಗಳನ್ನು ಮೈಯಿಂದ ದೂರಕ್ಕೆ ಚಾಚುತ್ತಾನೆ; ಬ್ಯಾಟಿಗೂ ಕಾಲಿಗೂ ನಡುವೆ ತೆರಪು ಬಿದ್ದು, ಚೆಂಡು ಅದರೊಳಗಿಂದ ವಿಕೆಟ್ಟನ್ನು ಸೇರುತ್ತದೆ. ನನ್ನ ಮೊಮ್ಮಗನು ಈ ಎರಡು ವಿಧದಲ್ಲಿಯೂ ಔಟಾಗುತ್ತಿದ್ದನು. ಬೈಸಿಕೊಂಡವನು ಅವನು; ಬೈಸಿಕೊಳ್ಳಬೇಕಾಗಿದ್ದವನು ನಾನು.

ನನಗೆ ಹೆಚ್ಚು ನಾಚಿಕೆಯಾದದ್ದು ಬೇರೊಂದು ಕಾರಣದಿಂದ. ಹಿಂದಿನ ವರ್ಷವಷ್ಟೇ ಇದೇ ಹುಡುಗನ ಉಪನಯನದಲ್ಲಿ ಮುತ್ತುಗದ ದಂಡವನ್ನು ಅವನ ಪಕ್ಕಕ್ಕೆ ನಿಲ್ಲಿಸಿ, ಕೂದಲಿನ ಅಂಚಿನವರೆಗೆ ಅಳೆದು, ಮಿಕ್ಕದ್ದನ್ನು ಕೊಯ್ದವನು ನಾನೇ. ವಟುವಿನ ದಂಡಕ್ಕೆ ವಟುವಿನ ದೇಹವೇ ಪ್ರಮಾಣವೆಂದು ಮನುಸ್ಮೃತಿಯು ವಿಧಿಸುತ್ತದೆ. ಚರಕಸಂಹಿತೆಯಲ್ಲಿ ಅವಯವಗಳ ಅಳತೆಯನ್ನು ಹೇಳುವಾಗಲೂ ಅವರವರ ಬೆರಳಿನ ಅಗಲವೇ ಮಾನ. ಹಳ್ಳಿಯ ಹುಡುಗರು ಚಿಣ್ಣಿದಾಂಡಿಗೆ ಕೊಂಬೆ ಕಡಿಯುವಾಗ ಯಾವ ಶಾಸ್ತ್ರವನ್ನೂ ಓದದೆ ತಮ್ಮ ಮೊಳದಿಂದಲೇ ಅಳೆದುಕೊಳ್ಳುತ್ತಾರೆ. ಇಷ್ಟೆಲ್ಲ ಬಲ್ಲ ನಾನು ಅಂಗಡಿಯಲ್ಲಿ ನಿಂತು ಬೆಲೆಯನ್ನು ಮಾತ್ರ ಅಳೆದೆನು.

ಆಟದ ನಿಯಮಗಳು ಈ ವಿಷಯದಲ್ಲಿ ನಮಗೆ ನೆರವಾಗುವುದಿಲ್ಲ. 1771ರಲ್ಲಿ ಇಂಗ್ಲೆಂಡಿನ ವೈಟ್ ಎಂಬಾತನು ವಿಕೆಟ್ಟನ್ನೇ ಮರೆಮಾಡುವಷ್ಟು ಅಗಲವಾದ ಬ್ಯಾಟನ್ನು ಹಿಡಿದು ಬಂದನಂತೆ. ಎದುರಾಳಿಗಳಾದ ಹ್ಯಾಂಬಲ್ಡನ್ ತಂಡದವರು ಪ್ರತಿಭಟಿಸಿದ ಮೇಲೆ ಅಗಲಕ್ಕೆ ನಾಲ್ಕೂಕಾಲು ಇಂಚಿನ ಮಿತಿಯುಂಟಾಯಿತು. ಉದ್ದವು 38 ಇಂಚನ್ನು ಮೀರಕೂಡದು. ಇವೆಲ್ಲ ಮೇಲಣ ಮಿತಿಗಳು. ತೂಕಕ್ಕಂತೂ ಮಿತಿಯೇ ಇಲ್ಲ. ಯಾರಿಗೆ ಯಾವುದು ಒಪ್ಪುವುದೆಂಬುದನ್ನು ಕೊಳ್ಳುವವನೇ ನಿಶ್ಚಯಿಸತಕ್ಕದ್ದು.

ಮಕ್ಕಳ ಬ್ಯಾಟುಗಳಿಗೆ 1ರಿಂದ 6ರವರೆಗೆ ಸಂಖ್ಯೆಗಳುಂಟು. ಅವುಗಳ ಮೇಲಿನದು ಹ್ಯಾರೋ ಎಂಬ ಅಳತೆ. ಅದರ ಮೇಲಿನದು ಶಾರ್ಟ್ ಹ್ಯಾಂಡಲ್. ಹೆಸರಿನಲ್ಲಿ ಗಿಡ್ಡತನವಿದ್ದರೂ ಇದೇ ದೊಡ್ಡವರ ಪೂರ್ಣಪ್ರಮಾಣ, ಮಕ್ಕಳದೆಂದು ಭ್ರಮಿಸಬಾರದು. ನಾಲ್ಕೂವರೆ ಅಡಿಯ ಹುಡುಗನಿಗೆ 3, 4 ಅಡಿ 9 ಇಂಚಿನಿಂದ ಐದಡಿಯೊಳಗೆ 4, ಐದಡಿ ದಾಟಿದವನಿಗೆ 5, ಇನ್ನು ಮೂರು ಇಂಚು ಬೆಳೆದವನಿಗೆ 6, ಹೀಗೆ ಸ್ಥೂಲವಾದ ಕ್ರಮ. 5 ಅಡಿ 7 ಇಂಚಿನ ಸುಮಾರಿಗೆ ಪೂರ್ಣಪ್ರಮಾಣದ್ದು ಒಪ್ಪುತ್ತದೆ. ತಯಾರಕರೊಳಗೆ ವ್ಯತ್ಯಾಸಗಳುಂಟಾದ್ದರಿಂದ ಸಂಖ್ಯೆಯನ್ನು ನೋಡಿ ಕೊಳ್ಳುವುದಕ್ಕಿಂತ ಹುಡುಗನ ಪಕ್ಕದಲ್ಲಿಟ್ಟು ನೋಡುವುದು ಲೇಸು. ವಯಸ್ಸನ್ನಂತೂ ನಂಬಲೇಬಾರದು, ಒಂದೇ ತರಗತಿಯಲ್ಲಿ ಅರ್ಧ ಅಡಿಯ ಅಂತರವನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ.

ಹುಡುಗನಿಗೆ ಬೂಟು ತೊಡಿಸಿ, ಆಡುವ ಭಂಗಿಯಲ್ಲಿ ನಿಲ್ಲಿಸಿ, ಬ್ಯಾಟಿನ ತುದಿಯನ್ನು ಹಿಂಗಾಲಿನ ಬೆರಳ ಬಳಿ ಊರಿಸಬೇಕು. ಹಿಡಿಯ ತಲೆಯು ತೊಡೆಯ ಮೇಲ್ಭಾಗಕ್ಕೆ ಬಂದು, ಅವನು ಅತಿಯಾಗಿ ಬಾಗದೆ ನಿಂತರೆ ಉದ್ದವು ಸರಿ. ಬಳಿಕ ಎಡಗೈ ಒಂದರಲ್ಲೇ ಎತ್ತಿಸಿ ನಾಲ್ಕು ಸಲ ಬೀಸಿಸಬೇಕು; ಮಣಿಕಟ್ಟು ನಡುಗಿದರೆ ಅದನ್ನು ಅಲ್ಲಿಯೇ ಬಿಡತಕ್ಕದ್ದು. ಎಡಗೈ ಆಟಗಾರನಾದರೆ ಈ ಪರೀಕ್ಷೆ ಬಲಗೈಗೆ. ತಕ್ಕಡಿಯ ತೂಕವೊಂದೇ ಸಾಲದು. ಮರದ ದಪ್ಪವು ಕೆಳತುದಿಗೆ ಸರಿದಿದ್ದರೆ, ಸಮತೂಕದ ಎರಡು ಬ್ಯಾಟುಗಳಲ್ಲಿ ಅದೇ ಕೈಗೆ ಭಾರವೆನಿಸುತ್ತದೆ. ಕಾಶ್ಮೀರದ ವಿಲ್ಲೋ ಮರದ್ದು ಇಂಗ್ಲಿಷ್ ವಿಲ್ಲೋವಿಗಿಂತ ಅಗ್ಗ, ಸಾಮಾನ್ಯವಾಗಿ ಭಾರ. ಹಗುರವಾದುದನ್ನು ಹುಡುಕಿ ಆರಿಸಿದರೆ ಕಲಿಯುವವನಿಗೆ ಅದೇ ಧಾರಾಳವಾಯಿತು.

ಸಚಿನ್ ತೆಂಡೂಲ್ಕರರು ಮೂರು ಪೌಂಡಿಗೂ ಮೀರಿದ ಬ್ಯಾಟಿನಿಂದ ಆಡಲಿಲ್ಲವೇ ಎಂದು ನೆರೆಮನೆಯ ಮಹನೀಯರೊಬ್ಬರು ವಾದಿಸಿದರು. ಆಡಿದರು, ನಿಜ. ಅಗಸ್ತ್ಯನು ಸಮುದ್ರವನ್ನು ಕುಡಿದನೆಂದು ನಾವು ಮಗುವಿಗೆ ಕೊಡಪಾನ ನೀರು ಕುಡಿಸುವುದಿಲ್ಲ.

ಬಳಸಿದ ಬ್ಯಾಟನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅದು ನ್ಯಾಯವೇ. ಈ ಸಲ ಮೊಮ್ಮಗನನ್ನೇ ಕರೆದೊಯ್ದು, ಏಳು ಬ್ಯಾಟುಗಳನ್ನು ಎತ್ತಿಸಿ, 4ನೆಯ ಸಂಖ್ಯೆಯದೊಂದನ್ನು ಕೊಂಡೆನು. ಹೊಟ್ಟೆನೋವು ಮತ್ತೆ ಬರಲಿಲ್ಲ. ತಂಡದಲ್ಲಿ ಸದ್ಯಕ್ಕೆ ಐದನೆಯವನಾಗಿದ್ದಾನೆ. ದೊಡ್ಡ ಬ್ಯಾಟಿಗೆ ಅಗಸೆ ಎಣ್ಣೆ ಸವರಿ ಅಟ್ಟದ ಮೇಲಿರಿಸಿದ್ದೇವೆ. ತಿಂಗಳಿಗೊಮ್ಮೆ ಅವನು ಅದನ್ನು ಇಳಿಸಿ, ಪಕ್ಕದಲ್ಲಿ ನಿಂತು ನೋಡಿಕೊಂಡು, “ಇನ್ನೂ ಆಗಿಲ್ಲ, ತಾತ” ಎಂದು ಮತ್ತೆ ಮೇಲಿಡುತ್ತಾನೆ.