ಹಳೆಯ ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆ ಇರುವ ಜಾಗ ಹಿಂದೆ ಕೆರೆಯಾಗಿತ್ತಂತೆ. ಬೇರೆ ಬೇರೆ ಕಾಲದ ನಕ್ಷೆಗಳನ್ನು ಸೇರಿಸಿ ಒಂದೇ ನಕ್ಷೆ ಮಾಡಬಹುದೇ?

ಉತ್ತರ: ಖಂಡಿತ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದದ್ದು ಇಂಥ ನಕ್ಷೆಯಲ್ಲಿ ಥಟ್ಟನೆ ಕಾಣುತ್ತವೆ.

ಮೊದಲು ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಸರ್ವೆ ನಂಬರ್, ಕೆರೆ, ಹಳ್ಳ, ಬಂಡಿದಾರಿ ಅದರಲ್ಲಿರುತ್ತವೆ. ಜತೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟ್, ಇಂದಿನ ಉಪಗ್ರಹ ಚಿತ್ರ ಇರಲಿ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ನಕ್ಷೆಯ ಸ್ಕ್ಯಾನ್ ತೆರೆದು, ಅಂದಿನಿಂದ ಕದಲದ ಗುರುತುಗಳನ್ನು ಇಂದಿನ ಚಿತ್ರದೊಂದಿಗೆ ಜೋಡಿಸಿ: ಹಳೆಯ ದೇವಸ್ಥಾನ, ಕೆರೆಯ ಕೋಡಿ, ಮೂರು ಊರುಗಳ ಗಡಿ ಸೇರುವ ಕಲ್ಲು. ಗುರುತುಗಳು ನಾಲ್ಕೂ ಮೂಲೆಗೆ ಹರಡಿರಬೇಕು. ಒಂದೇ ಕಡೆ ಗುಂಪಾದರೆ ಮಿಕ್ಕ ಭಾಗ ಸೊಟ್ಟಗಾಗುತ್ತದೆ. ಬಳಿಕ ಕೆರೆ, ಕಾಲುವೆ, ದಾರಿಗಳನ್ನು ಬೇರೆ ಬೇರೆ ಪದರಗಳಲ್ಲಿ ಎಳೆದು, ಪ್ರತಿಯೊಂದಕ್ಕೂ ಇಸವಿ ಬರೆಯಿರಿ. ನಕ್ಷೆ ಅಚ್ಚಾದ ಇಸವಿಯಲ್ಲ, ಅಳತೆ ನಡೆದ ಇಸವಿ.

ಒಂದು ಎಚ್ಚರಿಕೆ: ಟೋಪೋಶೀಟಿನ 1 ಮಿ.ಮೀ. ಎಂದರೆ ನೆಲದ ಮೇಲೆ 50 ಮೀಟರ್. ಕೆರೆ ಎಲ್ಲಿತ್ತೆಂದು ಅದು ಹೇಳೀತು. ನಿಮ್ಮ ಸೈಟು ಕೆರೆಯೊಳಗಿತ್ತೇ ಎಂದು ತೀರ್ಮಾನಿಸಲು ಸರ್ವೆಯವರ ಅಳತೆಯೇ ಬೇಕು.