ಸಾಬೂನು ನಾಟಕದವರೊಡನೆ ಒಂದು ಸಂಜೆ

೨೦೦೮ನೆಯ ಇಸವಿಯ ಶರತ್ಕಾಲದಲ್ಲಿ ಹಿರಿಯ ಮಗಳ ಬಾಣಂತನಕ್ಕೆಂದು ನಾವು ಅಮೆರಿಕಾ ದೇಶದ ನ್ಯೂಜೆರ್ಸಿ ಸಂಸ್ಥಾನಕ್ಕೆ ಹೋಗಿ ಆರು ತಿಂಗಳು ಇದ್ದೆವು. ಬಾಣಂತನ ಮಾಡಿದವರು ನಮ್ಮ ಮನೆಯವರು. ನಾವು ಮಾಡಿದುದು ಊಟ, ನಿದ್ರೆ ಮತ್ತು ವೃತ್ತಪತ್ರಿಕೆಯ ಪಾರಾಯಣ. ಮಗುವೂ ಬಾಣಂತಿಯೂ ಮಲಗಿದ ಮೇಲೆ ಆ ನಾಡಿನ ಮನೆಗಳಲ್ಲಿ ಕವಿಯುವ ನಿಶ್ಶಬ್ದವನ್ನು ಅನುಭವಿಸಿದವರೇ ಬಲ್ಲರು. ಬೀದಿಯಲ್ಲಿ ತರಕಾರಿಯವನ ಕೂಗಿಲ್ಲ, ಪಕ್ಕದ ಮನೆಯ ಒಗ್ಗರಣೆಯ ಸದ್ದಿಲ್ಲ, ಬಾಗಿಲಲ್ಲಿ ನಿಂತು ‘ಏನು ಅಡಿಗೆ?’ ಎಂದು ಕೇಳುವವರಿಲ್ಲ. ಅದನ್ನು ತಾಳಲಾರದೆ ನಮ್ಮ ಮನೆಯವರು ಹಗಲು ಹೊತ್ತು ಟೆಲಿವಿಷನ್ನಿನ ಮುಂದೆ ಕುಳಿತು ಮಗುವಿನ ಬಟ್ಟೆಗಳನ್ನು ಮಡಿಸುವ ಅಭ್ಯಾಸ ಮಾಡಿಕೊಂಡರು. ಆ ಹೊತ್ತಿನಲ್ಲಿ ಅಲ್ಲಿ ಬರುತ್ತಿದ್ದುವು ‘ಸೋಪ್ ಆಪೆರಾ’ ಎಂಬ ನಿತ್ಯ ನಾಟಕಗಳು.

ಮೊದಮೊದಲು ಅವರಿಗೆ ಅರ್ಥವಾದುದು ಅಳು ಒಂದೇ. ಅಳುವಿಗೆ ಭಾಷೆಯ ಹಂಗಿಲ್ಲವಷ್ಟೆ. ಒಂದು ತಿಂಗಳು ಕಳೆಯುವುದರೊಳಗಾಗಿ ಯಾರು ಯಾರ ಮಗ, ಯಾರ ಆಸ್ತಿಯನ್ನು ಯಾರು ನುಂಗಿದರು ಎಂಬುದೆಲ್ಲ ಬಾಯಿಪಾಠವಾಗಿ, ‘ನನಗೆ ಹೀಗೆ ಮಾಡಲು ನಿನಗೆ ಮನಸ್ಸಾದರೂ ಹೇಗೆ ಬಂತು?’ ಎಂಬ ಇಂಗ್ಲಿಷ್ ವಾಕ್ಯವನ್ನು, ಮೊಸರನ್ನು ಹೆಪ್ಪುಹಾಕಲು ಮರೆತ ಅಳಿಯಂದಿರ ಮೇಲೆ ಪ್ರಯೋಗಿಸಿಯೂಬಿಟ್ಟರು. ನಾವು ನಕ್ಕೆವು. ಆಗ ನಮಗೆ ಈ ನಾಟಕಗಳ ವಿಷಯದಲ್ಲಿ ಅಷ್ಟೇನೂ ಗೌರವವಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಇವುಗಳಿಗೆ ಸಾಬೂನಿನ ಹೆಸರು ಬಂದ ಬಗೆಯನ್ನು ಓದುಗರು ಕೇಳಬಹುದು. ೧೯೩೦ರ ದಶಕದಲ್ಲಿ ಅಮೆರಿಕಾದ ರೇಡಿಯೋದಲ್ಲಿ ಗೃಹಿಣಿಯರಿಗಾಗಿ ದಿನವೂ ಹದಿನೈದು ನಿಮಿಷಗಳ ಕಥೆಗಳನ್ನು ಬಿತ್ತರಿಸುತ್ತಿದ್ದರು. ಅದರ ವೆಚ್ಚವನ್ನು ಹೊತ್ತವರು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮೊದಲಾದ ಸಾಬೂನಿನ ತಯಾರಕರು. ಕಥೆ ಕೇಳುವ ಕೈಗಳೇ ಬಟ್ಟೆ ಒಗೆಯುವ ಕೈಗಳು ಎಂಬುದನ್ನು ಅವರು ಅರಿತಿದ್ದರು. ಮೊದಲು ಉಪಾಧ್ಯಾಯಿನಿಯಾಗಿದ್ದ, ಷಿಕಾಗೋ ನಗರದ ಅರ್ನಾ ಫಿಲಿಪ್ಸ್ ಎಂಬಾಕೆ ಈ ಬಗೆಯ ಕಥನದ ತಾಯಿ. ಆಕೆ ನಿರ್ಮಿಸಿದ ‘ಗೈಡಿಂಗ್ ಲೈಟ್’ ೧೯೩೭ನೆಯ ಜನವರಿ ೨೫ರಂದು ರೇಡಿಯೋದಲ್ಲಿ ಆರಂಭವಾಯಿತು. ಕಷ್ಟದಲ್ಲಿದ್ದವರು ಕಂಡು ಬರಲೆಂದು ಒಬ್ಬ ಪಾದ್ರಿಯು ತನ್ನ ಕಿಟಕಿಯಲ್ಲಿ ಇಡುತ್ತಿದ್ದ ದೀಪದಿಂದ ಅದಕ್ಕೆ ಆ ಹೆಸರು. ೧೯೫೨ರಲ್ಲಿ ಟೆಲಿವಿಷನ್ನಿಗೆ ಬಂದ ಆ ಕಥೆ ನಾವು ಹೋದಾಗ ಎಪ್ಪತ್ತೊಂದು ವರ್ಷ ದಾಟಿ ಇನ್ನೂ ನಡೆಯುತ್ತಲೇ ಇದ್ದಿತು. ಆ ವರ್ಷವೇ ಅದರ ಹಲವು ದೃಶ್ಯಗಳನ್ನು ನ್ಯೂಜೆರ್ಸಿಯ ಪೀಪ್ಯಾಕ್ ಎಂಬ ಊರಿನ ನಿಜವಾದ ಬೀದಿಗಳಲ್ಲಿಯೇ ಚಿತ್ರಿಸತೊಡಗಿದ್ದರು. ಅದನ್ನು ತಿಳಿದಂದಿನಿಂದ ನಮ್ಮ ಮನೆಯವರು ಅಂಗಡಿಗೆ ಹೋದಾಗಲೆಲ್ಲ ಜನರ ಮುಖಗಳನ್ನು ಎರಡೆರಡು ಸಲ ನೋಡುತ್ತಿದ್ದರು.

ಇದನ್ನು ಗಮನಿಸಿದ ಮಗಳು, ನ್ಯೂಯಾರ್ಕ್ ನಗರದಲ್ಲಿ ನಡೆಯಲಿದ್ದ ಒಂದು ಧರ್ಮಾರ್ಥ ಬೌಲಿಂಗ್ ಕೂಟಕ್ಕೆ ಚೀಟಿಗಳನ್ನು ಕೊಂಡು ತಂದಳು. ಹಣವೆಲ್ಲ ಆಟಿಸಂ ಇರುವ ಮಕ್ಕಳ ನೆರವಿಗೆ. ಅಭಿಮಾನಿಗಳು ಚೀಟಿ ಕೊಂಡರೆ ಆಟದ ಒಂದೊಂದು ಓಣಿಗೆ ಒಬ್ಬೊಬ್ಬ ನಟನೋ ನಟಿಯೋ ಜೊತೆಗಾರರಾಗಿ ಬಂದು ಅವರೊಡನೆ ಆಡುವುದು ಅಲ್ಲಿಯ ಕ್ರಮ.

ಹೊರಡುವ ಮುನ್ನ ನಮ್ಮ ಮನೆಯವರು ಚೀಲಕ್ಕೆ ಒಂದು ರವಿಕೆ ಕಣ, ಅರಿಸಿನ ಕುಂಕುಮದ ಭರಣಿ, ಎರಡು ಬಾಳೆಯ ಹಣ್ಣು ಇಟ್ಟುಕೊಂಡರು. ‘ಇದೇನು?’ ಎಂದೆವು. ‘ದಿನಾ ಮನೆಗೆ ಬರುವವರನ್ನು ಬರಿಗೈಯಲ್ಲಿ ನೋಡುವುದೆ?’ ಎಂದರು.

ಬೌಲಿಂಗ್ ಮಂದಿರದ ಗದ್ದಲ ನಮ್ಮ ಜಾತ್ರೆಯ ಗದ್ದಲಕ್ಕಿಂತ ಏನೂ ಕಡಿಮೆಯಲ್ಲ. ಬಾಗಿಲಲ್ಲಿಯೇ ನಮ್ಮ ಪಾದರಕ್ಷೆಗಳನ್ನು ಬಿಡಿಸಿ, ಇನ್ನಾರೋ ಹಾಕಿ ಬಿಟ್ಟ ಜೋಡುಗಳನ್ನು ಬಾಡಿಗೆಗೆ ಕೊಟ್ಟರು, ಮಡಿವಂತರು ಸೈರಿಸಿಕೊಳ್ಳಬೇಕು. ಎಣ್ಣೆ ಸವರಿ ನುಣುಪಾಗಿಸಿದ ಓಣಿ. ಅರವತ್ತು ಅಡಿ ದೂರದಲ್ಲಿ ಮುಕ್ಕೋಣವಾಗಿ ನಿಂತ, ಸೀಸೆಯ ಆಕಾರದ ಹತ್ತು ಗೂಟಗಳು. ಮೂರು ತೂತುಗಳುಳ್ಳ, ಹದಿನಾರು ಪೌಂಡಿನವರೆಗೂ ತೂಗುವ ಚೆಂಡನ್ನು ಉರುಳಿಸಿ ಅವನ್ನು ಕೆಡಹಬೇಕು. ಪೂರ್ಣಾಂಕ ಮುನ್ನೂರು. ನಮಗೆ ಬಂದುದು ನಲವತ್ತೇಳು. ಸೀರೆಯ ಸೆರಗನ್ನು ಬಿಗಿದು ನಿಂತ ನಮ್ಮ ಮನೆಯವರು ಮೊದಲನೆಯ ಸಲಕ್ಕೇ ಎಂಟು ಗೂಟಗಳನ್ನು ಕೆಡಹಿದರು. ಈ ವಿಷಯವನ್ನು ಇಷ್ಟಕ್ಕೇ ಬಿಡೋಣ.

ನಮ್ಮನ್ನು ಬೆರಗುಗೊಳಿಸಿದುದು ಆಟವಲ್ಲ, ಮಾತು. ಬಿಳಿಯ ಕೂದಲಿನ ಅಜ್ಜಿಯೊಬ್ಬಳು ಒಬ್ಬ ನಟನ ತೋಳನ್ನು ಹಿಡಿದು, ಅವನು ಕಥೆಯಲ್ಲಿ ತಮ್ಮನಿಗೆ ಮಾಡಿದ ಮೋಸಕ್ಕಾಗಿ ಗದರಿಸುತ್ತಿದ್ದಳು. ಆತ ತಲೆ ತಗ್ಗಿಸಿ, ಸರಿಪಡಿಸುವೆನೆಂದು ಮಾತು ಕೊಡುತ್ತಿದ್ದನು. ಇನ್ನೊಬ್ಬಳು, ತಾನು ಆಸ್ಪತ್ರೆಯಲ್ಲಿ ಮಲಗಿದ್ದ ತಿಂಗಳುಗಳಲ್ಲಿ ಒಂದು ದಿನವೂ ತಪ್ಪದೆ ಬಂದವರು ನೀವು ಒಬ್ಬರೇ ಎಂದು ನಟಿಯೊಬ್ಬಳಿಗೆ ಹೇಳಿ ಕಣ್ಣೊರಸಿಕೊಂಡಳು. ಯಾರೂ ನಗಲಿಲ್ಲ.

ನಮ್ಮ ಓಣಿಗೆ ಬಂದಾಕೆ ಮನೆಯವರು ನಿತ್ಯ ನೋಡುತ್ತಿದ್ದ ನಾಟಕಗಳಲ್ಲಿ ಒಂದರ ನಟಿ. ಆಕೆಯ ಹೆಸರನ್ನೂ ಪಾತ್ರದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಮುಂದೆ ಬರುವ ಮಾತು ಆಕೆಯ ಸ್ವಂತದ್ದು. ವಾರಕ್ಕೆ ಐದು ದಿನ, ಒಂದೊಂದು ಗಂಟೆಯ ನಾಟಕ. ರಾತ್ರಿ ಕುಳಿತು ಪುಟಗಟ್ಟಲೆ ಮಾತುಗಳನ್ನು ಬಾಯಿಪಾಠ ಮಾಡುವುದು, ಬೆಳಗ್ಗೆ ನುಡಿಯುವುದು, ಸಂಜೆಗೆ ಮರೆಯುವುದು. ನಮ್ಮ ಕಂಪನಿ ನಾಟಕದವರು ಒಂದೇ ನಾಟಕವನ್ನು ನೂರು ಸಲ ಆಡುತ್ತಿದ್ದರು. ಇವರಿಗೆ ನಿನ್ನೆಯದು ಇಂದಿಗೆ ಬಾರದು.

ಕಥೆಯಲ್ಲಿ ಆಕೆಯ ಗಂಡ ಕೆಲವು ವಾರಗಳ ಕೆಳಗೆ ಸತ್ತಿದ್ದನು. ನಮ್ಮ ಮನೆಯವರು ಕಣವನ್ನೂ ಹಣ್ಣನ್ನೂ ಕೊಟ್ಟು, ಭರಣಿಯನ್ನು ತೆಗೆದು, ಅಲ್ಲಿಗೇ ನಿಂತರು. ಮಗಳು ನಗುತ್ತ ಇದರ ಮರ್ಮವನ್ನು ಇಂಗ್ಲಿಷಿನಲ್ಲಿ ವಿವರಿಸಿದಳು: ಇದು ನಮ್ಮಲ್ಲಿ ಮುತ್ತೈದೆಯರಿಗೆ ಕೊಡುವುದು, ಆದುದರಿಂದ ಅಮ್ಮ ಯೋಚಿಸುತ್ತಿದ್ದಾಳೆ ಎಂದು. ನಟಿಯೂ ಗಟ್ಟಿಯಾಗಿ ನಕ್ಕಳು. ‘ನಮ್ಮ ಕಥೆಗಳಲ್ಲಿ ಶವವನ್ನು ಕಣ್ಣಾರೆ ಕಾಣುವ ತನಕ ಯಾರೂ ಸತ್ತವರಲ್ಲ, ಕಂಡರೂ ನಂಬುವಂತಿಲ್ಲ’ ಎಂದಳು. ಬಳಿಕ ಸ್ವಲ್ಪ ತಡೆದು, ‘ನನ್ನ ನಿಜವಾದ ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರನ್ನು ಮರಳಿ ಕರೆತರುವುದು ನಮ್ಮ ಲೇಖಕರ ಕೈಯಲ್ಲೂ ಇಲ್ಲ’ ಎಂದಳು.

ಆಚೆಯ ಓಣಿಯಲ್ಲಿ ಗೂಟಗಳು ಬಿದ್ದ ಸದ್ದು ಕೇಳಿಸಿತು. ನಮ್ಮ ಮನೆಯವರ ಬೆರಳು ಭರಣಿಯೊಳಗೇ ಇದ್ದಿತು. ಅದು ಎಷ್ಟು ಹೊತ್ತೋ ತಿಳಿಯದು. ಆ ಮೇಲೆ ಆಕೆಯ ಗಲ್ಲವನ್ನು ಹಿಡಿದು, ಹಣೆಗೆ ಕುಂಕುಮವಿಟ್ಟರು. ಆಕೆ ಆ ಸಂಜೆಯೆಲ್ಲ ಅದನ್ನು ಅಳಿಸಿಕೊಳ್ಳದೆ ಆಡಿದಳು.

ನಮ್ಮ ಓಣಿಯಲ್ಲಿ ಒಬ್ಬ ತಾಯಿಯೂ ಹನ್ನೆರಡು ವರ್ಷದ ಮಗನೂ ಇದ್ದರು. ಹುಡುಗನಿಗೆ ಆಟಿಸಂ, ಗದ್ದಲಕ್ಕೆ ಕಿವಿ ಮುಚ್ಚಿಕೊಂಡಿದ್ದನು. ಈ ಸ್ಥಿತಿಯನ್ನು ವೈದ್ಯ ಲಿಯೋ ಕಾನರ್ ೧೯೪೩ರಲ್ಲಿ ವಿವರಿಸಿದ ಮೇಲೂ ಎಷ್ಟೋ ವರ್ಷ ತಾಯಂದಿರ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಪಂಡಿತರೇ ದೂರುತ್ತಿದ್ದರಂತೆ; ಅದು ಸುಳ್ಳೆಂದು ಈಗ ಎಲ್ಲರೂ ಬಲ್ಲರು. ಚೆಂಡನ್ನು ಎತ್ತಲಾರದವರಿಗೆಂದು ಇಳಿಜಾರಿನ ಲೋಹದ ಹಳಿಯೊಂದನ್ನು ಅಲ್ಲಿ ಇಟ್ಟಿರುತ್ತಾರೆ. ನಟಿಯು ಚೆಂಡನ್ನು ಅದರ ಮೇಲಿಟ್ಟಳು, ಹುಡುಗ ಮೆಲ್ಲನೆ ನೂಕಿದನು. ಅದು ಉರುಳಿ ಉರುಳಿ, ಎಲ್ಲರ ತಾಳ್ಮೆಯನ್ನೂ ಪರೀಕ್ಷಿಸಿ, ಕಡೆಗೆ ಆರು ಗೂಟಗಳನ್ನು ಕೆಡಹಿತು. ಅವನು ಚೆಂಡು ಮರಳಿ ಬರುವ ಕಿಂಡಿಯನ್ನೇ ನೋಡುತ್ತ ನಿಂತನು.

ಹಿಂದಿರುಗುವಾಗ ರೈಲಿನಲ್ಲಿ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹೋದ ವರ್ಷ ಗೃಹಪ್ರವೇಶದಲ್ಲಿ ತಂಗಿಯನ್ನು ದಾಟಿಕೊಂಡು ಹೋದೆನಲ್ಲ, ರೀ’ ಎಂದರು. ಅವರ ತಂಗಿಗೆ ಯಜಮಾನರು ಹೋಗಿ ಆಗ ಎರಡು ವರ್ಷವಾಗಿದ್ದಿತು. ಸಾಲಿನಲ್ಲಿ ಕುಳಿತವರಿಗೆಲ್ಲ ಕುಂಕುಮ ಕೊಡುತ್ತ ಬಂದು, ಆಕೆಯ ಮುಂದೆ ತಟ್ಟೆಯನ್ನು ನಿಲ್ಲಿಸದೆ ಮುಂದಕ್ಕೆ ನಡೆದಿದ್ದರು. ನಾವು ಅಲ್ಲಿಯೇ ಇದ್ದೆವು. ಕಂಡೂ ಕಾಣದವರಂತೆ ಇದ್ದೆವು.

ಬೆಂಗಳೂರಿಗೆ ಬಂದ ಮೇಲೆ, ೨೦೦೯ರ ಗೌರಿಯ ಹಬ್ಬಕ್ಕೆ ಮನೆಯವರು ತಂಗಿಯನ್ನು ಕರೆಸಿ ಮೊದಲ ಕುಂಕುಮವನ್ನು ಆಕೆಗೇ ಇಟ್ಟರು. ಒಬ್ಬಿಬ್ಬರು ಹಿರಿಯರು ಊಟಕ್ಕೆ ನಿಲ್ಲದೆ ಹೋದರು. ತಂಗಿ ಮೊದಲು ಹಣೆಯನ್ನು ಹಿಂದಕ್ಕೆಳೆದುಕೊಂಡಳೆಂಬುದನ್ನೂ ಹೇಳಬೇಕು, ಅಭ್ಯಾಸವಾಗಿಹೋಗಿದ್ದಿತು.

ಆ ಸೆಪ್ಟೆಂಬರ್ ೧೮ರಂದು ‘ಗೈಡಿಂಗ್ ಲೈಟ್’ ನಿಂತುಹೋಯಿತು. ಮರುವರ್ಷ ‘ಆಸ್ ದಿ ವರ್ಲ್ಡ್ ಟರ್ನ್ಸ್’ ಎಂಬುದೂ ಮುಗಿದು, ೨೦೧೨ರ ಜನವರಿಯಲ್ಲಿ ‘ಒನ್ ಲೈಫ್ ಟು ಲಿವ್’ ಟೆಲಿವಿಷನ್ನಿನಿಂದ ಮರೆಯಾದಾಗ ನ್ಯೂಯಾರ್ಕಿನ ಆ ಹಳೆಯ ಮನೆಗಳೆಲ್ಲ ಬಾಗಿಲು ಹಾಕಿದಂತಾಯಿತು. ಹಗಲಿನಲ್ಲಿ ಮನೆಯಲ್ಲಿರುವ ಹೆಂಗಸರು ಕಡಿಮೆಯಾದುದು ಒಂದು ಕಾರಣ. ಚಾನೆಲುಗಳಿಗೆ ಮಾತುಕತೆಯ ಕಾರ್ಯಕ್ರಮಗಳು ಅಗ್ಗವಾದುದು ಇನ್ನೊಂದು.

‘ಗೈಡಿಂಗ್ ಲೈಟ್’ನ ಕಡೆಯ ಕಂತನ್ನು ಮಗಳು ಕಂಪ್ಯೂಟರಿನಲ್ಲಿ ನೋಡುವಂತೆ ಏರ್ಪಡಿಸಿದಳು. ಅಕ್ಕ ತಂಗಿಯರು ಒಟ್ಟಿಗೆ ಕುಳಿತರು, ಅಕ್ಕ ಭಾಷಾಂತರಕಾರಿಣಿ. ಕೊನೆಗೆ ಜಾಶ್ ಮತ್ತು ರೀವಾ ಎಂಬ ಹಳೆಯ ಪ್ರೇಮಿಗಳು ದೀಪಸ್ತಂಭದ ಬಳಿ ಸೇರಿ, ಒಂದು ಗಾಡಿಯನ್ನೇರಿ ಹೊರಟುಹೋಗುತ್ತಾರೆ.

‘ಇವರಿಬ್ಬರಿಗೂ ಮದುವೆಯಾಗಿದೆಯೇ, ಅಕ್ಕ?’ ಎಂದಳು ತಂಗಿ.

‘ಒಂದು ಸಲವೇ? ಎಷ್ಟೋ ಸಲ!’ ಎಂದರು ನಮ್ಮ ಮನೆಯವರು. ಇಬ್ಬರೂ ನಕ್ಕ ನಗು ನಮಗೆ ಅಡಿಗೆಯ ಮನೆಯವರೆಗೂ ಕೇಳಿಸಿತು. ಕಾಫಿಗೆ ಹಾಲು ಕಾಯಿಸುವ ಸರದಿ ಅಂದು ನಮ್ಮದಾಗಿದ್ದಿತು.