ಮಿಶನರಿಯ ಮಗ ಮನೆ ಬಿಟ್ಟಾಗ

ಕಲಬುರ್ಗಿ, ಬೀದರ್ ಕಡೆಯ ಮೆಥೋಡಿಸ್ಟ್ ಕುಟುಂಬಗಳ ಉಪವಾಸ ಪ್ರಾರ್ಥನೆಯಿರಲಿ, ಮಂಗಳೂರಿನ ಕಥೋಲಿಕರ ನವೇನವಿರಲಿ, ದೇವರ ಮುಂದೆ ಇಡುವ ಕೋರಿಕೆಗಳು ಹೆಚ್ಚುಕಡಿಮೆ ಒಂದೇ. ಕಾಯಿಲೆ ವಾಸಿಯಾಗಲಿ, ಮಗನಿಗೆ ನೌಕರಿ ಸಿಗಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲಿ. ಇವನ್ನೆಲ್ಲ ಹತ್ತು ಜನರ ನಡುವೆ ಬಾಯಿಬಿಟ್ಟು ಹೇಳಬಹುದು. ಹಾಗೆ ಹೇಳಲು ನಾಲಿಗೆ ತಡವರಿಸುವ ಕೋರಿಕೆ ಇನ್ನೊಂದಿದೆ. ಚರ್ಚಿನ ಮೆಟ್ಟಿಲು ಹತ್ತುವುದನ್ನೇ ಬಿಟ್ಟ ಮಗ, ಮನೆಯ ಸಂಜೆಯ ಪ್ರಾರ್ಥನೆಗೆ ಕೂರಲೊಲ್ಲದ ಮಗಳು ಮರಳಿ ಬರಲಿ ಎಂಬುದು ಅದು. ಕಾಯಿಲೆಗೆ ಯಾರನ್ನೂ ದೂರಬೇಕಿಲ್ಲ. ಇಲ್ಲಿ ಮಾತ್ರ, ‘ಬೆಳೆಸಿದ್ದು ಹೇಗೆ?’ ಎಂಬ ಪ್ರಶ್ನೆ ಹೆತ್ತವರ ಕಡೆಗೇ ತಿರುಗುತ್ತದೆ.

ಈ ಸಂಕಟ ಹೊಸದಲ್ಲ. ಕಥೋಲಿಕ ಚರ್ಚು ಆಗಸ್ಟ್ 27ರಂದು ಸ್ಮರಿಸುವ ಸಂತ ಮೋನಿಕಾ ಇಂತಹ ತಾಯಂದಿರ ಆಸರೆ. ಮರುದಿನ, ಅಂದರೆ ಆಗಸ್ಟ್ 28ರಂದು, ಆಕೆಯ ಮಗ ಸಂತ ಅಗಸ್ಟೀನರ ಹಬ್ಬ. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದ ಈ ತಾಯಿ, ಮಾನಿಯ ಪಂಥ ಸೇರಿದ ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರು ಸುರಿಸಿದಳು. ಮಗ ತನ್ನನ್ನು ಬಿಟ್ಟು ರೋಮಿಗೆ ಹೋಗದಿರಲಿ ಎಂದು ಆಕೆ ಕಾರ್ಥೇಜಿನ ಕಡಲತಡಿಯ ಗುಡಿಯೊಂದರಲ್ಲಿ ರಾತ್ರಿಯಿಡೀ ಬೇಡುತ್ತಿದ್ದಾಗಲೇ ಆತ ಸುಳ್ಳು ಹೇಳಿ ಹಡಗು ಹತ್ತಿಬಿಟ್ಟ. ಆದರೆ ಇಟಲಿಗೆ ಹೋದದ್ದರಿಂದಲೇ ಆತನ ಮನಸ್ಸು ತಿರುಗಿತು. 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದ. ಆ ವರ್ಷವೇ ಮೋನಿಕಾ ತೀರಿಕೊಂಡಳು. ತಾಯಿ ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ, ಸದಾ ಕೇಳುತ್ತಿದ್ದುದನ್ನು ಕೊಟ್ಟ ಎಂದು ಅಗಸ್ಟೀನರು ಮುಂದೆ ಅರ್ಥೈಸಿದರು.

ಮೋನಿಕಾಳ ಕತೆ ಸುಖಾಂತ. ಹಾಗಾಗಿಯೇ ಅದನ್ನು ಮತ್ತೆ ಮತ್ತೆ ಹೇಳುತ್ತಾರೆ. ಸುಖಾಂತವೋ ದುಃಖಾಂತವೋ ಎಂದು ಸುಲಭವಾಗಿ ಹೇಳಲಾಗದ ಕತೆಯೊಂದು ಕರ್ನಾಟಕದ ನೆಲಕ್ಕೆ ಅಂಟಿಕೊಂಡಿದೆ. ಅದರ ಒಂದು ತುದಿ ಮಂಗಳೂರಿನ ಬಾಸೆಲ್ ಮಿಶನ್, ಇನ್ನೊಂದು ತುದಿ ನೊಬೆಲ್ ಪ್ರಶಸ್ತಿ.

ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿನಲ್ಲಿ ಕಾಲಿಟ್ಟದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, ಕಿಟ್ಟೆಲರ ನಿಘಂಟು, ಹಂಚಿನ ಕಾರ್ಖಾನೆ ಮುಂತಾಗಿ ಅವರ ಕೆಲಸ ನಾಡಿಗೆ ಪರಿಚಿತ. ಅವರ ಮನೆಯೊಳಗಿನ ಬದುಕು ಅಷ್ಟಾಗಿ ಪರಿಚಿತವಲ್ಲ. ಇವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ ಬಂದವರು, ಪಯಟಿಸಂ ಎಂಬ ಭಕ್ತಿಪಂಥದವರು. ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ, ಕೂಸಾಗಿದ್ದಾಗ ದೀಕ್ಷಾಸ್ನಾನವಾದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಪವನ್ನು ತಾವೇ ಕಂಡುಕೊಂಡು ಒಳಗಿನಿಂದ ಹೊಸದಾಗಿ ಹುಟ್ಟಬೇಕು ಎಂಬುದು ಅವರ ನಂಬಿಕೆಯ ತಿರುಳು. ಇದರ ಪರಿಣಾಮ ಕಠಿಣವಾದುದು. ತಂದೆ ಮಗನಿಗೆ ಹೊಲ, ಮನೆ, ವಿದ್ಯೆ ಕೊಡಬಹುದು, ನಂಬಿಕೆಯನ್ನು ಕೊಡಲಾರ. ಅದಕ್ಕಾಗಿ ಬೇಡಿಕೊಳ್ಳಬಹುದು, ಅಷ್ಟೆ. ಈ ಜನರ ಪ್ರಾರ್ಥನೆಯಲ್ಲಿದ್ದ ಆತುರಕ್ಕೆ ಇದೇ ಕಾರಣ.

ದೂರವೂ ಇದಕ್ಕೆ ಸೇರಿಕೊಂಡಿತು. ಮಿಶನರಿಗಳು ತಮ್ಮ ಮಕ್ಕಳನ್ನು ಎಳೆವೆಯಲ್ಲೇ ಯುರೋಪಿಗೆ ಕಳಿಸುವುದು ರೂಢಿಯಾಗಿತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಕಾಗದಗಳಿಗೆ ತಿಂಗಳುಗಟ್ಟಲೆ ಕಾಯಬೇಕು. ಮಗುವಿನ ಜ್ವರದ ಸುದ್ದಿ ಮುಟ್ಟುವ ಹೊತ್ತಿಗೆ ಜ್ವರ ಬಿಟ್ಟಿರುತ್ತಿತ್ತು, ಇಲ್ಲವೇ ಮಗುವೇ ಇರುತ್ತಿರಲಿಲ್ಲ. ಕರಾವಳಿಯ ಸೆಕೆಯಲ್ಲಿ ಕೂತ ತಾಯಿ ಮಾಡಬಹುದಾಗಿದ್ದುದು ಪ್ರಾರ್ಥನೆಯೊಂದೇ.

ಮಂಗಳೂರಿನಲ್ಲಿ ಆ ದಿನಗಳಲ್ಲಿ ಮಕ್ಕಳಿಗಾಗಿ ಕಣ್ಣೀರಿಟ್ಟವರು ಪಾದ್ರಿಗಳ ಮನೆಯವರಷ್ಟೇ ಅಲ್ಲ ಎಂಬುದನ್ನು ಮರೆಯಬಾರದು. ಹರ್ಮನ್ ಮೋಗ್ಲಿಂಗರ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದಾಗ ಊರು ಕೆರಳಿತು. ಅವರ ಹೆಂಡತಿ ಅವರೊಂದಿಗೆ ಬಾಳಲು ಬರಲಿಲ್ಲ. ಕೌಂಡಿನ್ಯರು ಮೋಗ್ಲಿಂಗರ ಜತೆ ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿಯೇ ಮರಳಿದರು. ಮಿಶನ್ನಿಗೆ ಅದು ಗೆಲುವು, ಮನೆತನಕ್ಕೆ ಸಾವಿಗೆ ಸಮನಾದ ನಷ್ಟ. ತಲೆಮಾರುಗಳಿಂದ ಬಂದ ದಾರಿಯನ್ನು ಮಗ ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು ಮಂಗಳೂರಿನ ಹಿಂದೂ ಮನೆಗಳು ಮೊದಲು ಕಂಡವು. ಮಿಶನರಿಗಳ ಸರದಿ ಆಮೇಲೆ ಬಂತು.

1869ರಿಂದ 1873ರವರೆಗೆ ಮಂಗಳೂರಿನಲ್ಲಿ ಯೊಹಾನೆಸ್ ಹೆಸ್ಸೆ ಎಂಬ ತರುಣ ಮಿಶನರಿಯಿದ್ದರು. ಆರೋಗ್ಯ ಕೆಟ್ಟು ಊರಿಗೆ ಮರಳಿದ ಅವರು ಜರ್ಮನಿಯ ಕಾಲ್ವ್ ಪಟ್ಟಣದಲ್ಲಿ ಹರ್ಮನ್ ಗುಂಡರ್ಟರ ಸಹಾಯಕರಾದರು. ಗುಂಡರ್ಟರೆಂದರೆ 1872ರ ಮಲೆಯಾಳ ನಿಘಂಟನ್ನು ಕೊಟ್ಟ ಪಂಡಿತರು, 1857ರಲ್ಲಿ ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದವರು. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. ಆಕೆಯನ್ನೂ ಎಳೆವೆಯಲ್ಲೇ ಯುರೋಪಿನಲ್ಲಿ ಬಿಟ್ಟು ಹೆತ್ತವರು ಹಡಗು ಹತ್ತಿದ್ದರು. ಮೊದಲ ಗಂಡ ತೀರಿಕೊಂಡ ಮೇಲೆ ಮರೀ 1874ರಲ್ಲಿ ಯೊಹಾನೆಸರನ್ನು ಮದುವೆಯಾದರು. 1877ರ ಜುಲೈ 2ರಂದು ಅವರಿಗೆ ಹುಟ್ಟಿದ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟರು. ಆತನೇ ಕಾದಂಬರಿಕಾರ ಹರ್ಮನ್ ಹೆಸ್ಸೆ.

ಈ ಮನೆಯ ಕಾಗದಪತ್ರ, ದಿನಚರಿಗಳು ಉಳಿದುಬಂದು 1966ರಲ್ಲಿ ಪುಸ್ತಕವಾಗಿ ಹೊರಬಂದವು. ಮಗನಿಗೆ ನಾಲ್ಕು ವರ್ಷವಾಗಿದ್ದಾಗ, 1881ರಲ್ಲಿ, ತಾಯಿ ಗಂಡನಿಗೆ ಬರೆದ ಪತ್ರವೊಂದಿದೆ. ಪುಟ್ಟ ಹರ್ಮನ್ನನಿಗಾಗಿ ತನ್ನೊಡನೆ ಪ್ರಾರ್ಥಿಸು, ಇವನನ್ನು ಬೆಳೆಸುವ ಶಕ್ತಿ ತನಗೆ ಬರಲಿ ಎಂದೂ ಬೇಡು, ಈ ಹುಡುಗನ ಹಟ ಮತ್ತು ಚೈತನ್ಯ ತನ್ನನ್ನು ದಣಿಸುತ್ತಿದೆ ಎಂಬುದು ಅದರ ಸಾರ. ಮಗ ಇನ್ನೂ ಏನನ್ನೂ ಬಿಟ್ಟಿರಲಿಲ್ಲ. ಪ್ರಾರ್ಥನೆ ಆಗಲೇ ಶುರುವಾಗಿತ್ತು.

ಮಗನನ್ನು ಪಾದ್ರಿ ಮಾಡಬೇಕೆಂದು ಅಜ್ಜ ಓದಿದ್ದ ಮೌಲ್‌ಬ್ರೋನ್ ಸೆಮಿನರಿಗೇ ಸೇರಿಸಿದರು. 1892ರ ಮಾರ್ಚಿಯಲ್ಲಿ ಆತ ಅಲ್ಲಿಂದ ಓಡಿಹೋದ; ಮರುದಿನ ಪೊಲೀಸನೊಬ್ಬ ಹಿಡಿದುತಂದ. ಹೆತ್ತವರು ಆತನನ್ನು ಬಾಡ್ ಬೋಲ್ ಎಂಬಲ್ಲಿಗೆ, ಪ್ರಾರ್ಥನೆಯಿಂದ ರೋಗ ವಾಸಿಮಾಡುವರೆಂದು ಹೆಸರಾಗಿದ್ದ ಮನೆತನದ ಕ್ರಿಸ್ಟೋಫ್ ಬ್ಲುಮ್‌ಹಾರ್ಟರ ಬಳಿಗೆ ಒಯ್ದರು. ಅಲ್ಲಿ ಹುಡುಗ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಬ್ಲುಮ್‌ಹಾರ್ಟರು ಕೈಚೆಲ್ಲಿದರು. ಮುಂದೆ ಸ್ಟೆಟನ್ ಎಂಬಲ್ಲಿನ ಮಾನಸಿಕ ಚಿಕಿತ್ಸಾಲಯ. ಅಲ್ಲಿಂದ ಹದಿನೈದು ವರ್ಷದ ಮಗ ತಂದೆಗೆ, ಅಪರಿಚಿತ ಅಧಿಕಾರಿಗೆ ಅರ್ಜಿ ಬರೆಯುವವನಂತೆ ‘ಮಾನ್ಯರೇ’ ಎಂದು ಸಂಬೋಧಿಸಿ ಪತ್ರ ಬರೆದ. ತಾನು ಮನುಷ್ಯನಾಗದೆ ಪಯಟಿಸ್ಟ್ ಆಗಿದ್ದರೆ ನಿಮಗೆ ಅರ್ಥವಾಗುತ್ತಿದ್ದೆನೇನೋ ಎಂಬ ಅರ್ಥದ ಚುಚ್ಚುಮಾತು ಅದರಲ್ಲಿತ್ತು.

ಇಡೀ ಮನೆಯಲ್ಲಿ ಗಾಬರಿಯಾಗದವರೆಂದರೆ ಅಜ್ಜ ಗುಂಡರ್ಟರೊಬ್ಬರೇ. ಓಡಿಹೋಗಿ ಸಿಕ್ಕಿಬಿದ್ದ ಮೊಮ್ಮಗ ಅಂಜುತ್ತಾ ಕೋಣೆಗೆ ಹೋದಾಗ ಅವರು ಬೈಯಲಿಲ್ಲ. ಪ್ರತಿಭಾವಂತರು ಮಾಡುವಂಥ ಪುಟ್ಟ ಪ್ರವಾಸ ಮಾಡಿಬಂದೆಯಂತೆ ಎಂದು ನಕ್ಕರು. ಈ ಸಮಾಧಾನ ಎಲ್ಲಿಂದ ಬಂತು ಎಂಬುದನ್ನು ಊಹಿಸಬಹುದು. ವಿದ್ಯಾರ್ಥಿಯಾಗಿದ್ದಾಗ ಗುಂಡರ್ಟರೇ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ ಎಂಬ ವಿಚಾರವಾದಿಯ ಪ್ರಭಾವಕ್ಕೆ ಸಿಕ್ಕಿ ಮನೆಯ ನಂಬಿಕೆಯನ್ನು ಕಳೆದುಕೊಂಡು, ತೀವ್ರ ತಳಮಳದ ನಂತರ ಮರಳಿದವರು. ದಾರಿ ತಪ್ಪುವುದೆಂದರೇನು ಎಂಬುದು ಆ ಮುದುಕರಿಗೆ ಅನುಭವದಿಂದ ಗೊತ್ತಿತ್ತು.

ಆದರೆ ಮೊಮ್ಮಗ ಅಜ್ಜನಂತೆ ಮರಳಲಿಲ್ಲ. ಗಡಿಯಾರದ ಕಾರ್ಖಾನೆ, ಪುಸ್ತಕದಂಗಡಿ ಎಂದು ದುಡಿದು 1899ರಲ್ಲಿ ಮೊದಲ ಪುಸ್ತಕಗಳನ್ನು ತಂದ. ಅವುಗಳಲ್ಲಿದ್ದ ಪ್ರಣಯದ ಛಾಯೆ ತಾಯಿಯನ್ನು ನೋಯಿಸಿತು; ಹಾಗೆಂದು ಬರೆದೂ ಬಿಟ್ಟರು. ಮುಂದಿನ ಕವನ ಸಂಗ್ರಹವನ್ನು ಮಗ ತಾಯಿಗೇ ಅರ್ಪಿಸಿದ. ಅದು ಅಚ್ಚಾಗಿ ಬರುವ ಮೊದಲೇ, 1902ರ ಏಪ್ರಿಲ್ 24ರಂದು, ಮರೀ ತೀರಿಕೊಂಡರು. ಮಗ ಅಂತ್ಯಕ್ರಿಯೆಗೆ ಹೋಗಲಿಲ್ಲ. ತಂದೆ 1916ರಲ್ಲಿ ಸತ್ತಾಗ ಮಾತ್ರ ಕುಸಿದು, ಮನೋವೈದ್ಯರ ಮೊರೆ ಹೋಗಬೇಕಾಯಿತು.

ಇಪ್ಪತ್ತು ವರ್ಷಗಳ ಆ ಪ್ರಾರ್ಥನೆ ಫಲಿಸಿತೇ? ಕಾಲ್ವ್‌ನ ಭಕ್ತರ ಲೆಕ್ಕದಲ್ಲಿ ಇಲ್ಲ. ಹೆಸ್ಸೆ ಯಾವ ಚರ್ಚಿನ ಪೀಠಕ್ಕೂ ಮರಳಲಿಲ್ಲ. ಆದರೆ ಐವತ್ತು ದಾಟಿದ ಮೇಲೆ ತನ್ನ ನಂಬಿಕೆಯ ಬಗ್ಗೆ ಬರೆಯುತ್ತಾ, ತನ್ನನ್ನು ರೂಪಿಸಿದ ಶಕ್ತಿಗಳಲ್ಲೆಲ್ಲ ಬಲವಾದದ್ದು ಹೆತ್ತವರ ಕ್ರೈಸ್ತಧರ್ಮವೇ ಎಂದು ಆತ ಒಪ್ಪಿಕೊಂಡ. ಅವರು ಬೋಧಿಸಿದ್ದಲ್ಲ, ಬಾಳಿದ್ದು.

ಇನ್ನೊಂದು ಉತ್ತರ ‘ಸಿದ್ಧಾರ್ಥ’ ಕಾದಂಬರಿಯಲ್ಲಿದೆ. 1922ರಲ್ಲಿ ಬಂದ ಈ ಕೃತಿಯನ್ನು ಬುದ್ಧನ ಕತೆಯೆಂದೇ ಅನೇಕರು ತಿಳಿದಿದ್ದಾರೆ. ಅಲ್ಲ, ಅದು ತಂದೆಯ ಧರ್ಮವನ್ನು ಬಿಟ್ಟು ಹೊರಟ ಬ್ರಾಹ್ಮಣ ಹುಡುಗನ ಕತೆ. ಕೌಂಡಿನ್ಯರ ಮಂಗಳೂರನ್ನು ಬಲ್ಲವರಿಗೆ ಆ ಮೊದಲ ಅಧ್ಯಾಯ ಕೇವಲ ಕಲ್ಪನೆ ಎನಿಸದು. ಅಪ್ಪಣೆ ಸಿಗುವವರೆಗೆ ಮಗ ರಾತ್ರಿಯಿಡೀ ಕೈಕಟ್ಟಿ ನಿಂತೇ ಇರುತ್ತಾನೆ. ತಂದೆ ಗಂಟೆಗೊಮ್ಮೆ ಎದ್ದುಬಂದು ಕಿಟಕಿಯಿಂದ ನೋಡಿ ಒಳಗೆ ಹೋಗುತ್ತಾನೆ. ವರ್ಷಗಳು ಕಳೆದು, ದೋಣಿಗಾರನಾಗಿ ಹೊಳೆಯ ದಂಡೆಯಲ್ಲಿ ಬಾಳುತ್ತಿದ್ದ ಸಿದ್ಧಾರ್ಥನನ್ನು ಅವನ ಸ್ವಂತ ಮಗನೇ ಧಿಕ್ಕರಿಸಿ ಓಡಿಹೋಗುತ್ತಾನೆ. ಆ ಗಾಯ ಮಾಯದೆ ನರಳುತ್ತಿದ್ದವನು ಒಂದು ದಿನ ನೀರಿನತ್ತ ಬಾಗಿ ನೋಡಿದಾಗ, ಅಲ್ಲಿ ಕಂಡ ಮುಖ ತಾನು ಎಂದೋ ಬಿಟ್ಟುಬಂದ ತಂದೆಯ ಮುಖದಂತಿರುತ್ತದೆ.